ದಾರೆ ಬಳ್ಳಿಯ ನೀರು

ಮಾರ್ಚ್ 5, ಬೆಳಿಗ್ಗೆ

ಅನ್ನಕ್ಕಿಟ್ಟು ಬಂದು ಕೂತೆ. ಸೋಯಾ ಮೊಳಕೆ ಸಾರು, ನಿನ್ನೆಯದೇ ಮೂಲಂಗಿ ಕಿಮ್ಚಿ. ನನ್ನ ಗಂಡ, ಯುನ್‌ಸೊಲ್ ಅಪ್ಪ, ಆರಕ್ಕೇ ಲಾರಿ ತೆಗೆದುಕೊಂಡು ಹೋದರು. ಅತ್ತೆಯ ಮಂಡಿಗೆ ಬಿಸಿನೀರಿನ ಚೀಲ ಇಟ್ಟಾಯಿತು.

"ಸುಡ್ತಿದೆ ಕಣೇ. ಮಂಡಿ ಬೇಯಿಸಿ ಸಾರು ಮಾಡ್ತೀಯಾ?"

ತಣ್ಣೀರು ಬೆರೆಸಿ ತಂದೆ.

"ಇದೇನು, ಸತ್ತೋರ ಕೈ ಇಟ್ಟ ಹಾಗಿದೆ."

ಮದುವೆಯಾಗಿ ಇಪ್ಪತ್ತು ವರ್ಷ. ನಾನು ಮಾಡಿದ್ದು ಒಂದೂ ಅವರಿಗೆ ಹಿಡಿಸಿಲ್ಲ. ಅಭ್ಯಾಸವಾಗಿದೆ... ಆಗಿಲ್ಲ, ಸುಳ್ಳೇಕೆ ಬರೆಯಲಿ.

ನಾಳೆ ಚಳಿಗಾಲದ ನಿದ್ದೆಯಿಂದ ಕಪ್ಪೆ ಏಳುವ ದಿನ. ಆ ದಿನ ದಾರೆ ಬಳ್ಳಿಯ, ಅಂದರೆ ಕಾಡು ಕಿವಿಹಣ್ಣಿನ ಬಳ್ಳಿಯ ನೀರು ಕುಡಿಯಬೇಕು, ಮೂಳೆಗೆ ಬಲ. ಪ್ರತಿ ವರ್ಷ ಬೆಟ್ಟದ ಮಾನ್‌ಬೊಕ್ ಅಣ್ಣ ಕಾಡಿನ ಬಳ್ಳಿಯಿಂದ ಇಳಿಸಿ ತಂದುಕೊಡುತ್ತಿದ್ದ. ಈ ಸಲ ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾನೆ. ಅತ್ತೆಗೆ ಹೇಳಿಲ್ಲ. ಹೇಳಿದರೆ ಅದೂ ನನ್ನ ತಪ್ಪೇ ಆಗುತ್ತದೆ.

ಮಾರ್ಚ್ 6

ಮಾಡಿಬಿಟ್ಟೆ.

ನಮ್ಮ ಹಿತ್ತಿಲಿನ ಬಳ್ಳಿಯೂ ದಾರೆಯೇ ತಾನೇ. ಕಾಡಿನದು ಕೊಡುವ ನೀರನ್ನು ಇದೇಕೆ ಕೊಡಬಾರದು? ಅತ್ತೆ ಮುದುಕರ ಸಂಘದ ಮನೆಗೆ ಹೋದದ್ದೇ ತಡ, ಗರಗಸ ತೆಗೆದೆ. ಮಾನ್‌ಬೊಕ್ ಅಣ್ಣ ತೆಳ್ಳನೆಯ ಕವಲಿನ ತುದಿ ಕತ್ತರಿಸಿ ಬಾಟಲಿ ಕಟ್ಟುವುದನ್ನು ನೋಡಿದ್ದೇನೆ. ನನಗೆ ಆತುರ. ದಪ್ಪನೆಯದರಲ್ಲಿ ಹೆಚ್ಚು ಬರುತ್ತದೆ ಎಂದುಕೊಂಡೆ. ನೆಲದಿಂದ ಮೊಣಕಾಲೆತ್ತರದಲ್ಲಿ ಬಳ್ಳಿ ಎರಡಾಗಿ ಒಡೆದಿದೆ — ಅದರಲ್ಲೊಂದನ್ನು ಅಡ್ಡಕ್ಕೆ ಕೊಯ್ದೆ.

ನೀರು ಬಂತು. ಸ್ವಚ್ಛ, ತಣ್ಣಗೆ. ಒಂದು ಗಂಟೆಯಲ್ಲಿ ಎರಡು ಬಾಟಲಿ.

"ಮಾನ್‌ಬೊಕ್ ಅಣ್ಣ ಕಳಿಸಿದ್ರು ಅತ್ತೆ."

ಒಂದು ಗುಟುಕು ಬಾಯಲ್ಲಿಟ್ಟುಕೊಂಡು ನನ್ನನ್ನೇ ನೋಡಿದರು. ತುಂಬಾ ಹೊತ್ತು.

"ಚೆನ್ನಾಗಿದೆ."

ಇಪ್ಪತ್ತು ವರ್ಷದಲ್ಲಿ ಮೊದಲನೇ ಸಲ. ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ತೊಳೆದೆ, ತೊಳೆದಿದ್ದ ಪಾತ್ರೆಗಳನ್ನೇ.

ಮಾರ್ಚ್ 8

ನಿಲ್ಲುತ್ತಿಲ್ಲ.

ಮೇಣದಬತ್ತಿ ಕರಗಿಸಿ ಹಚ್ಚಿದೆ. ಮೇಣ ಕಳಚಿ ಬಿತ್ತು. ಜೇಡಿಮಣ್ಣು ಮೆತ್ತಿದೆ, ಕೊಚ್ಚಿಹೋಯಿತು. ಹಳೇ ಸೈಕಲ್ ಟ್ಯೂಬ್ ಬಿಗಿದು ಕಟ್ಟಿದೆ — ಪಕ್ಕದಿಂದ ಜಿನುಗಿತು. ತೊಟ್ ತೊಟ್. ಹಿತ್ತಿಲಲ್ಲಿ ಸಾಲಾಗಿಟ್ಟ ಸೋಯಾ ಸಾಸಿನ ಜಾಡಿಗಳ ಹಿಂದೆ ನೆಲವೆಲ್ಲ ಒದ್ದೆ. ಅತ್ತೆಗೆ ಹಿತ್ತಿಲ ಮೆಟ್ಟಿಲು ಇಳಿಯಲಾಗದು, ಅಷ್ಟರಮಟ್ಟಿಗೆ ನಾನು ಬದುಕಿಕೊಂಡೆ.

ಬೇರೆ ಯಾವ ಬಳ್ಳಿಯಾದರೂ ಇಷ್ಟು ಹೆದರುತ್ತಿರಲಿಲ್ಲ. ಇದು ಅತ್ತೆಯ ತವರಿನದು. ಅವರಿಗೆ ಇಪ್ಪತ್ತನಾಲ್ಕಾಗಿದ್ದಾಗ ಆ ಊರು ಅಣೆಕಟ್ಟಿನ ನೀರಿಗೆ ಹೋಯಿತು. ಎಲ್ಲರೂ ತೊಲೆ, ಬಾಗಿಲು ಕಿತ್ತುಕೊಂಡು ಹೋಗುವಾಗ ಇವರು ಬೇರು ಅಗೆದು, ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರಂತೆ. ಈಗ ಆ ಊರಿನದು ಅಂತ ಭೂಮಿಯ ಮೇಲೆ ಇರುವುದು ಇದೊಂದೇ. ಯಾರು ಕೇಳಿದರೂ ನೆಡಲು ಒಂದು ಕಡ್ಡಿ ಕೊಟ್ಟವರಲ್ಲ. "ತವರನ್ನ ಹಂಚ್ಕೊಂಡು ತಿರುಗಕ್ಕಾಗುತ್ತಾ?"

ಸುಗ್ಗಿ ಹಬ್ಬದಲ್ಲಿ ಈ ಮನೆಯ ಹಿರಿಯರಿಗೆ ಎಡೆ ಇಡುತ್ತೇವೆ. ಅದರಲ್ಲಿ ಅತ್ತೆಯ ಅಪ್ಪ ಅಮ್ಮನಿಗೆ ಜಾಗವಿಲ್ಲ. ಅವರಿಗೆ ಅಡುಗೆಮನೆ ಕಿಟಕಿಯಲ್ಲಿ ಒಂದು ಬಟ್ಟಲು ದಾರೆ ಹಣ್ಣು, ಹೆಬ್ಬೆಟ್ಟಿನ ಗಾತ್ರದ ಹಸಿರು ಹಣ್ಣು. ಯಾರಿಗೂ ಹೇಳದೆ ಇಡುತ್ತಾರೆ. ನಾನೂ ನೋಡಿಲ್ಲದವಳ ಹಾಗೆ ಇರುತ್ತೇನೆ.

ಮಾರ್ಚ್ 9

ಪಕ್ಕದ ಮನೆ ಗ್ವಿರ್ಯೆ ಅಕ್ಕ ಗೋಡೆಯ ಮೇಲಿಂದ ಇಣುಕಿದಳು. ದಾರೆಯ ಗಂಡು ಬಳ್ಳಿ ಇರುವುದು ಅವಳ ಕಡೆ. ಪ್ರತಿ ವರ್ಷ ಅದೇ ಮಾತು.

"ನಮ್ಮ ಗಂಡು ಇಲ್ದೆ ನಿಮ್ಮ ಹೆಣ್ಣು ಬಸಿರಾಗಲ್ಲ. ಈ ಸಲ ನಂಗೆ ಅರ್ಧ ಪಾಲು, ಹೇಳ್ಬಿಟ್ಟಿದೀನಿ."

ಆಮೇಲೆ ಟ್ಯೂಬ್ ಕಂಡಿತು. ನಗು ನಿಂತಿತು.

"ಅಯ್ಯೋ ಯುನ್‌ಸೊಲ್ ಅಮ್ಮ... ಈಗ ಗರಗಸ ಮುಟ್ಟಿಸ್ತಾರೇನೇ? ದಾರೇನ ಚಳಿಗಾಲದ ಮಧ್ಯದಲ್ಲಿ ಕತ್ತರಿಸ್ಬೇಕು, ಇಲ್ಲಾ ಬಿಟ್ಬಿಡ್ಬೇಕು."

"ಅತ್ತೆಗೆ ಹೇಳ್ಬೇಡ ಅಕ್ಕ."

"ನಾನ್ ಯಾಕ್ ಹೇಳ್ಲಿ. ನಿಮ್ಮತ್ತೆ ಬಾಯಿಗೆ ನಾನು ಯಾಕ್ ಬೀಳ್ಲಿ."

ಮಾರ್ಚ್ 14

ಕೃಷಿ ಕಚೇರಿಗೆ ಫೋನ್ ಮಾಡಿದೆ.

"ಏನೂ ಮಾಡ್ಬೇಡಿ ಮೇಡಂ. ಎಲೆ ಬಿಟ್ಟ ಮೇಲೆ ತಾನಾಗೇ ನಿಲ್ಲುತ್ತೆ."

"ಎಲೆ ಯಾವಾಗ ಬಿಡುತ್ತೆ?"

"ಏಪ್ರಿಲ್ ಮಧ್ಯ."

ಇನ್ನೂ ಒಂದು ತಿಂಗಳು. ಏನೂ ಮಾಡದೆ ಇರುವುದು ಹೇಗೆ ಅಂತ ಅವರು ಹೇಳಲಿಲ್ಲ.

ಯುನ್‌ಸೊಲ್ ಅಪ್ಪನಿಗೆ ಹೇಳಿದೆ. "ಇಷ್ಟಕ್ಕೆಲ್ಲ ಸಾಯುತ್ತಾ, ಸುಮ್ನೆ ಮಲಕ್ಕೋ" ಎಂದರು. ಅವರೇ ಮಲಗಿದರು.

ಅತ್ತೆಗೆ ಮಾತ್ರ ಆ ನೀರಿನ ಹುಚ್ಚು ಹಿಡಿದಿದೆ. ಬೆಳಿಗ್ಗೆ ಒಂದು ಬಟ್ಟಲು, ಮಧ್ಯಾಹ್ನ ಒಂದು, ಸಂಜೆ ಒಂದು.

"ಮಾನ್‌ಬೊಕ್ ನೀರು ಇನ್ನೂ ಇದೆಯೇನೇ?"

"ಇದೆ ಅತ್ತೆ."

"ತಗೊಂಬಾ. ಚೆಲ್ಬೇಡ."

ಬಾಟಲಿ ಕಟ್ಟಿಯೇ ಇದೆ. ತುಂಬುತ್ತಲೇ ಇದೆ. ಅವರ ಬಳ್ಳಿಯ ಜೀವವನ್ನು ಅವರಿಗೇ ಬಗ್ಗಿಸಿ ಕೊಡುತ್ತಿದ್ದೇನೆ. ಉಳಿದದ್ದನ್ನು ಫ್ರೀಜರಿಗೆ ಹಾಕುತ್ತೇನೆ. ಚೆಲ್ಲಲು ಮನಸ್ಸಾಗದು.

ಮಾರ್ಚ್ 27

ಇನ್ನೂ.

ಏಪ್ರಿಲ್ 17

ನಿಂತಿತು!

ಉಳಿದ ಕವಲಿನ ಮೊಗ್ಗೆಲ್ಲ ಬಿರಿದಿವೆ. ಒಂದೊಂದೂ ಇಲಿಯ ಕಿವಿಯಷ್ಟು. ಕತ್ತರಿಸಿದ ಜಾಗ ಒಣಗಿದೆ. ಮುಟ್ಟಿ ಮುಟ್ಟಿ ನೋಡಿದೆ. ಸಂಜೆಗೆ ಮೀನು ಹುರಿದೆ.

"ಏನು ವಿಶೇಷ?" ಅಂದರು ಅತ್ತೆ.

"ಏನಿಲ್ಲ ಅತ್ತೆ. ನೀರು ಮುಗೀತು."

"ಮುಗೀತಾ," ಅಂದರು. ಮೀನಿಗೆ ಉಪ್ಪು ಹೆಚ್ಚು ಎಂದರು. ಪರವಾಗಿಲ್ಲ, ಅನ್ನಲಿ.

ಏಪ್ರಿಲ್ 25, ಬೆಳಿಗ್ಗೆ

ಹಿಮ ಬಿದ್ದಿದೆ. ನಿನ್ನೆ ಸಂಜೆಯೇ ಟಿವಿಯಲ್ಲಿ ಹೇಳಿದ್ದರು, ಇದ್ದಬದ್ದ ಕಂಬಳಿ ಹೊದಿಸಿದ್ದೆ. ಸಾಲಲಿಲ್ಲ. ಚಿಗುರೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಗೆ ಜೋತುಬಿದ್ದಿದೆ. ಮೈನಸ್ ಇಪ್ಪತ್ತರ ಜನವರಿಗಳನ್ನೆಲ್ಲ ತಡೆದ ಬಳ್ಳಿ. ಚಿಗುರಿದ ಮೇಲೆ ಮೈನಸ್ ಎರಡಕ್ಕೂ ತಾಳದು.

ಗ್ವಿರ್ಯೆ ಅಕ್ಕನ ಗಂಡು ಬಳ್ಳಿಯೂ ಕಪ್ಪು. ಅದನ್ನು ನೋಡಿ ನನಗೆ ಸಮಾಧಾನವಾಯಿತು. ಎಂಥ ಹೆಂಗಸು ನಾನು.

ಅತ್ತೆ ಕೂಗಿದರು. ನನ್ನ ಭುಜ ಹಿಡಿದು ಈ ವರ್ಷ ಮೊದಲ ಸಲ ಹಿತ್ತಿಲಿಗೆ ಇಳಿದರು. ಗಾಯ ಕಾಣದ ಹಾಗೆ ಹುಲ್ಲಿನ ಹೊರೆ ಒರಗಿಸಿಟ್ಟಿದ್ದೆ. ಅವರು ಆ ಕಡೆ ನೋಡಲೇ ಇಲ್ಲ.

"ಎರಡನೇ ಮೊಗ್ಗು ಬರುತ್ತೆ ಬಿಡು. ನಮ್ಮೂರಲ್ಲೂ ಹೀಗಾಗ್ತಿತ್ತು. ಇಪ್ಪತ್ತು ದಿನ ಕಾಯ್ಬೇಕು."

ಬರಲು ಒಳಗೆ ಏನಾದರೂ ಉಳಿದಿರಬೇಕಲ್ಲ. ಆರು ವಾರ ಸುರಿದಿದೆ. ಎಷ್ಟೆಂದು ನನಗೊಬ್ಬಳಿಗೇ ಗೊತ್ತು.

ಮೇ 15

ಇಪ್ಪತ್ತು ದಿನ. ಗ್ವಿರ್ಯೆ ಅಕ್ಕನದು ಮತ್ತೆ ಹಸಿರಾಗಿ ಗೋಡೆ ದಾಟಿ ನಮ್ಮ ಚಪ್ಪರಕ್ಕೆ ಕೈ ಹಾಕಿದೆ. ಅವಳು ಈಗ ಪಾಲು ಕೇಳುವುದಿಲ್ಲ.

ನಮ್ಮದರಲ್ಲಿ ಏನೂ ಇಲ್ಲ. ಒಳಗೆ ಹಸಿರಿದ್ದರೆ ಜೀವವಿದೆ ಎಂದು ಉಗುರಿನಿಂದ ತೊಗಟೆ ಕೆರೆದೆ. ಕಂದು. ಕೆಳಗೆ ಕೆರೆದೆ, ಇನ್ನೂ ಕೆಳಗೆ, ಮಣ್ಣು ಬಿಡಿಸಿ ಬೇರಿನ ಹತ್ತಿರ. ಕಂದು.

ಮೇ 16

ಕಂದು.

ಮೇ 21, ಮಧ್ಯಾಹ್ನ

ಹೇಳಿಬಿಟ್ಟೆ. ತಟ್ಟೆ ಎತ್ತಿಡುತ್ತಿದ್ದವಳು ಹಾಗೇ ನೆಲಕ್ಕೆ ಮಂಡಿಯೂರಿದೆ.

"ಅತ್ತೆ, ಹಿಮ ಅಲ್ಲ. ನಾನು ಕತ್ತರಿಸ್ದೆ. ಮಾನ್‌ಬೊಕ್ ಅಣ್ಣನ ನೀರಲ್ಲ ಅದು, ನಿಮ್ಮ—"

"ಗೊತ್ತು."

ಬೆಳ್ಳುಳ್ಳಿ ಸುಲಿಯುತ್ತಿದ್ದರು. ಕೈ ನಿಲ್ಲಲಿಲ್ಲ.

"ಮೊದಲನೇ ಗುಟುಕಲ್ಲೇ ಗೊತ್ತಾಯ್ತು. ಮಾನ್‌ಬೊಕ್ ನೀರಿಗೆ ಪ್ಲಾಸ್ಟಿಕ್ ಡಬ್ಬದ ವಾಸನೆ. ಇದು ನಮ್ಮಮ್ಮ ಕೊಡ್ತಿದ್ದ ನೀರು. ಅರವತ್ತು ವರ್ಷ ಆಗಿತ್ತು ಕಣೇ, ಅದನ್ನ ಕುಡಿದು."

"ಮತ್ತೆ ಬಯ್ಯಲಿಲ್ಲ ಯಾಕೆ ಅತ್ತೆ? ಎಲ್ಲದಕ್ಕೂ ಬಯ್ತೀರಲ್ಲ."

"ಬಯ್ದ್ರೆ ನಿಲ್ತಿತ್ತಾ? ದಾರೆ ಗಾಯ ಯಾರ ಕೈಲೂ ನಿಲ್ಲಲ್ಲ. ನೆಲಕ್ಕೆ ಹೋಗೋ ಬದಲು ನನ್ನ ಹೊಟ್ಟೆಗೆ ಹೋಗ್ಲಿ ಅಂತ ಕುಡಿದೆ. ಮೂರು ಹೊತ್ತೂ. ಸಾಕಾಗೋಷ್ಟು ಕುಡಿದೆ."

ಅತ್ತೆ ಅತ್ತದ್ದನ್ನು ಇವತ್ತೇ ನೋಡಿದ್ದು. ಅವರ ಬುಟ್ಟಿಯಿಂದ ಬೆಳ್ಳುಳ್ಳಿ ತೆಗೆದುಕೊಂಡು ನಾನೂ ಸುಲಿದೆ.

ಬುಟ್ಟಿ ಖಾಲಿಯಾದ ಮೇಲೆ ಅತ್ತೆ ಕೇಳಿದರು. "ಏನೂ ಉಳಿದಿಲ್ಲ, ಅಲ್ವಾ?"

ಫ್ರೀಜರಿನಲ್ಲಿ ಒಂದು ಬಾಟಲಿ ಇದೆ ಎಂದೆ. ಮಾರ್ಚ್ ಕೊನೆಯದು.

"ಎರಡು ಬಟ್ಟಲು ತಗೊಂಬಾ. ನೀನೂ ಕುಡಿ, ಇನ್ಮೇಲೆ ರುಚಿ ಗೊತ್ತಿರೋಳು ಯಾರಾದ್ರೂ ಒಬ್ಬಳು ಇರ್ಬೇಕಲ್ಲ."

ಬಾಟಲಿಯನ್ನು ಕಿಟಕಿಯಲ್ಲಿ ಬಿಸಿಲಿಗೆ ಇಟ್ಟಿದ್ದೇನೆ, ಹಬ್ಬದಲ್ಲಿ ಅವರು ಹಣ್ಣು ಇಡುವ ಜಾಗದಲ್ಲೇ. ಅತ್ತೆ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಿದ್ದಾರೆ. ನಡುವೆ ಇನ್ನೂ ಗಡ್ಡೆ ಕಟ್ಟಿಕೊಂಡಿದೆ. ಸುತ್ತ ಮಾತ್ರ ಕರಗಿ, ಒಂದು ಗುಟುಕಿನಷ್ಟು ನೀರಾಗಿದೆ.