ಹಾಜರಿಗೆ ಹಾಕಿದ ಸಹಿ

8-2-1993, ಸೋಮವಾರ

ಫಸ್ಟ್ ಶಿಫ್ಟು. ಐದೂಕಾಲರ ಬಸ್ಸಿಗೆ ಕೆ.ಆರ್. ಪೇಟೆ ಬಿಟ್ಟೆ. ನೂಲು ತೆಗೆಯೋ ಏಳನೇ ರಿಂಗ್ ಫ್ರೇಮಿನ ಬೆಲ್ಟು ಮತ್ತೆ ಕಿತ್ತುಹೋಗಿತ್ತು. ನಾನೂ ಮಂಚಯ್ಯನೂ ಸೇರಿ ಹಾಕೋ ಹೊತ್ತಿಗೆ ಮೂಗು ಬಾಯೆಲ್ಲ ಹತ್ತಿ. ಇಪ್ಪತ್ತು ವರ್ಷದಿಂದ ಇಬ್ರೂ ಇದೇ ಹತ್ತಿ ಉಗುಳ್ತಾ ಇದೀವಿ.

ಕ್ಯಾಂಟೀನಲ್ಲಿ ಯೂನಿಯನ್ ಅಧ್ಯಕ್ಷ ಚಿಕ್ಕಸ್ವಾಮಿ ಸಿಕ್ಕಿದ. "ಲೇ ನಿಂಗ, ನಿನ್ ಹೆಸ್ರು ಕಳಿಸ್ಬುಟ್ಟಿವ್ನಿ ಕಣ್ಲಾ. ತ್ರಿಪಕ್ಷ ಸಮಿತಿ. ಸರ್ಕಾರ, ಮಾಲೀಕ್ರು, ನಾವು — ಮೂರೂ ಕಡೆಯವ್ರು ಒಂದೇ ಟೇಬಲ್ಗೆ. ಹೊಸ ಆರ್ಥಿಕ ನೀತಿ ಬಂದೈತಲ್ಲ, ಗಿರಣಿ ಎಂಗ್ ನಡೀಬೇಕು ಅಂತ ನಮ್ಮನ್ನೂ ಕೇಳ್ತಾರಂತೆ."

ನಮ್ಮನ್ನೂ ಕೇಳ್ತಾರಂತೆ. ಸುಳ್ಳು ಯಾಕೆ ಬರೀಲಿ, ಖುಷಿ ಆಯ್ತು. ಮನೆಗೆ ಬಂದು ಜಯಲಕ್ಷ್ಮಿಗೆ ಹೇಳಿದೆ. ಬಿಳಿ ಶರಟು ಇಸ್ತ್ರಿಗೆ ಕೊಟ್ಟಿದ್ದಾಳೆ.

12-2, ಶುಕ್ರವಾರ, ಸಂಜೆ

ಶ್ರೀರಂಗಪಟ್ಟಣದ ಸರ್ಕಾರಿ ಬಂಗಲೆಯಲ್ಲಿ ಮೀಟಿಂಗು. ಹತ್ತಕ್ಕೆ ಅಂದರು, ಲೇಬರ್ ಡಿಪಾರ್ಟ್‌ಮೆಂಟ್ ಸಾಹೇಬರು ಬಂದಿದ್ದು ಹನ್ನೆರಡಕ್ಕೆ. ಸುತ್ತಮುತ್ತಲ ನಾಕೈದು ಗಿರಣಿ, ಕಾರ್ಖಾನೆಯವರು. ಚಿಕ್ಕಸ್ವಾಮಿಯೂ ನಮ್ಮ ಜನರಲ್ ಮ್ಯಾನೇಜರೂ ಇದ್ದರು.

ಸಾಹೇಬರು ಮುಕ್ಕಾಲು ಗಂಟೆ ಮಾತಾಡಿದರು. ಉದಾರೀಕರಣ, ಸ್ಪರ್ಧೆ, ಸೌಹಾರ್ದ. "ಯಾರೂ ಯಾರ ಶತ್ರುವೂ ಅಲ್ಲ." ಚಪ್ಪಾಳೆ. ನಾನೂ ತಟ್ಟಿದೆ.

ಕೊನೆಗೆ ಎದ್ದು ಕೇಳಿದೆ — ನಮ್ಮ ರೀಲಿಂಗ್‌ನಲ್ಲಿ ಐವತ್ತೆಂಟು ಹೆಂಗಸರಿದ್ದಾರೆ, ನೂಲನ್ನ ಲಡಿ ಸುತ್ತೋರು, ಅದನ್ನ ಕಂಟ್ರಾಕ್ಟಿಗೆ ಕೊಡ್ತಾರೆ ಅಂತ ಸುದ್ದಿ, ನಿಜವಾ? ಮ್ಯಾನೇಜರು ನಕ್ಕರು. "ನಿಂಗರಾಜು, ಅದು ಇವತ್ತಿನ ಅಜೆಂಡಾದಲ್ಲಿ ಇಲ್ಲ." ಸಾಹೇಬರೂ ನಕ್ಕರು. "ಊಟ ಆರ್ತಾ ಇದೆ." ಎಲ್ಲರೂ ಎದ್ದರು.

ಗೀ ರೈಸು, ಕೋಳಿ, ಜಾಮೂನು. ಚೆನ್ನಾಗಿ ತಿಂದೆ. ಹೊರಡುವಾಗ ಒಂದು ಬಿಡಿ ಹಾಳೆ ತಂದರು. ಹಾಜರಿಗೆ ಅಂದರು. ಸಹಿ ಹಾಕಿದೆ.

13-2, ಶನಿವಾರ

ಗೇಟಲ್ಲಿ ಸಿದ್ದಲಿಂಗಮ್ಮ ಹಿಡಿದಳು. ರೀಲಿಂಗ್‌ನಲ್ಲಿ ಎಲ್ಲರಿಗಿಂತ ಹಳಬಳು. "ಏನ್ ಮಾತಾಡುದ್ರಣ್ಣ ನಮ್ ವಿಸ್ಯ?"

"ಮುಂದಿನ ಸಲ ಮಾತಾಡ್ತಾರಂತೆ."

"ಊಟಕ್ ಏನ್ ಆಕಿದ್ರು?"

ತಮಾಷೆಗೇ ಕೇಳಿದ್ದು. ಅನ್ನ ಸಾರು ಅಂದೆ. ಯಾಕೆ ಸುಳ್ಳು ಹೇಳಿದೆನೋ…

4-3, ಗುರುವಾರ

ಥೂ.

ಬೆಳಗ್ಗೆ ಬೋರ್ಡಿಗೆ ನೋಟೀಸು. "ತ್ರಿಪಕ್ಷ ಸಮಿತಿಯ ಸರ್ವಾನುಮತದ ತೀರ್ಮಾನದಂತೆ" ರೀಲಿಂಗ್ ವಿಭಾಗ ಏಪ್ರಿಲ್ ಒಂದರಿಂದ ಗುತ್ತಿಗೆಗೆ. ಐವತ್ತೆಂಟು ಜನಕ್ಕೂ ಸ್ವಯಂ ನಿವೃತ್ತಿ. ಕೆಳಗೆ ಮೀಟಿಂಗಿನ ನಡವಳಿಯ ಜೆರಾಕ್ಸು. ಆ ಊಟದ ದಿನದ ಹಾಳೆ! ನನ್ನ ಸಹಿ. ಬಾಲ ಎಳೆದು ಎರಡು ಚುಕ್ಕಿ ಇಟ್ಟಿದ್ದೀನಿ, ಅಷ್ಟು ಖುಷಿಯಾಗಿ ಹಾಕಿದ್ದು.

ಹೆಂಗಸರು ಬೋರ್ಡಿನ ಮುಂದೆ ನಿಂತಿದ್ದರು.   ಅವರಲ್ಲೊಬ್ಬಳು ಬೆಟ್ಟಮ್ಮ, ಎಲೆಅಡಿಕೆ ನನ್ನ ಕಾಲ ಹತ್ತಿರ ಉಗಿದು ಹೋದಳು. ಸಿದ್ದಲಿಂಗಮ್ಮ ಮಾತ್ರ ನಿಂತಳು.

"ನಮ್ಗೆ ಓದಾಕ್ ಬರಾಕಿಲ್ಲ. ನಿಂಗ್ ಬತ್ತದಲ್ಲಣ್ಣ."

ಅದು ಬರೀ ಹಾಜರಿಗೆ ಅಂತ ಹೇಳಿದೆ. ನಂಬಿದಳೋ ಇಲ್ಲವೋ, ಗೊತ್ತಿಲ್ಲ. ನಾನೇ ಆಗಿದ್ದರೆ ನಂಬುತ್ತಿರಲಿಲ್ಲ.

5-3, ಶುಕ್ರವಾರ

ಚಿಕ್ಕಸ್ವಾಮಿ ಮನೆಗೆ ಹೋದೆ. ಜಗಲಿ ಮೇಲೆ ಕೂತು ಪೇಪರ್ ಓದ್ತಿದ್ದ. ಕಾಫಿ ತರಿಸಿದ. ಕೂಗಾಡಿದೆ. ಅವನು ಪೇಪರ್ ಮಡಿಸಿದ, ಅಷ್ಟೇ.

"ಆಯ್ತಾ ನಿಂದು? ಈಗ ಕೇಳ್ಲಾ. ಮ್ಯಾನೇಜ್ರು ನೂರು ಜನ ತಗೀತೀವಿ ಅಂತಿದ್ರು. ನಾನು ಚೌಕಾಸಿ ಮಾಡಿ ಐವತ್ತೆಂಟಕ್ ನಿಲ್ಲಿಸ್ದೆ. ಗಂಡಾಳ್ನ ಒಬ್ಬುನ್ನೂ ಮುಟ್ಟಾಕಿಲ್ಲ ಅಂತ ಮಾತ್ ತಗಂಡಿವ್ನಿ. ಎಂಗಸ್ರಿಗೆ ಗಂಡ ಅವ್ನೆ, ಮನೆ ಐತೆ."

"ಸಿದ್ದಲಿಂಗಮ್ಮನ ಗಂಡ ಸತ್ತು ಒಂಬತ್ತು ವರ್ಷ ಆಯ್ತು."

"ಎಲ್ರುನ್ನೂ ಉಳ್ಸಾಕ್ ನಾನೇನ್ ದ್ಯಾವ್ರಾ? ನಿನ್ ಕೆಲ್ಸನೂ ಅದ್ರಲ್ಲೇ ಉಳ್ದಿರೋದು. ಕಾಫಿ ಕುಡಿ."

ಕುಡಿದೆ.  ಎದ್ದು ಬರಬೇಕಿತ್ತು. ನನ್ನ ಕೆಲಸ ಉಳೀತು ಅಂದಾಗ ಒಳಗೆಲ್ಲೋ ಸಮಾಧಾನ ಆಯ್ತಲ್ಲ — ಆ ಸಮಾಧಾನಕ್ಕೆ ನನ್ನನ್ನ ನಾನೇ ಉಗೀಬೇಕು.

7-3, ಭಾನುವಾರ

 ಇವತ್ತು ಜಯಲಕ್ಷ್ಮಿ ರಾಗಿ ಕೇರ್ತಾ ಅಂದಳು: "ಸುಮ್ಕಿರಿ ಅನ್ನಾನಾ ಅಂದ್ಕಂಡಿದ್ದೆ. ಮಗ್ಳು ಪವಿತ್ರಂದು ಪಿಯುಸಿ ಐತೆ. ಆದ್ರೆ ನಿನ್ನೆ ಬಸ್ ಸ್ಟ್ಯಾಂಡಲ್ಲಿ ಬೆಟ್ಟಮ್ಮ ನನ್ ನೋಡಿ ಮಕ ತಿರುಗಿಸ್ಕಂಡ್ಳು. ನಾನ್ ಮಾಡಿದ್ ತಪ್ಪೇನು ಏಳಿ?"

 ಮುಂದಿನ ಮೀಟಿಂಗು ಹದಿನಾರಕ್ಕೆ. ಹೋಗ್ತೀನಿ. ಒಬ್ಬನೇ ಹೋಗೋದಿಲ್ಲ.

16-3, ಮಂಗಳವಾರ, ರಾತ್ರಿ 8

ಪೂರ್ತಿ ಬರೀತೀನಿ. ಮರೀಬಾರದು.

ಸಿದ್ದಲಿಂಗಮ್ಮ ಪಾಂಡವಪುರದಲ್ಲಿ ಬಸ್ಸು ಹತ್ತಿದಳು. ಬಂಗಲೆ ಬಾಗಿಲಲ್ಲಿ ಜವಾನ ತಡೆದ. ಇವಳೂ ಕಾರ್ಮಿಕರ ಕಡೆಯವಳೇ ಅಂದು ಒಳಗೆ ಕರಕೊಂಡು ಹೋದೆ. ಚಿಕ್ಕಸ್ವಾಮಿ ಮುಖ ಕಪ್ಪಿಟ್ಟಿತು. ಅವಳು ಕುರ್ಚಿಯ ತುದಿಯಲ್ಲಿ ಕೂತಳು.

ಈ ಸಲ ಹಾಜರಿ ಹಾಳೆ ಮೊದಲೇ ಬಂತು. ಜವಾನ ಇಂಕಿನ ಪ್ಯಾಡು ಮುಂದೆ ಹಿಡಿದ. ಸಿದ್ದಲಿಂಗಮ್ಮ ಕೈ ಸೆರಗಿನೊಳಗೆ ಎಳಕೊಂಡಳು.

"ಹೆಬ್ಬೆಟ್ಟು ಹಾಕಮ್ಮ. ಬಂದಿದ್ದೀಯ ಅನ್ನೋದಕ್ಕೆ."

"ಕುಂತಿವ್ನಲ್ಲ ಸಾಮಿ, ಕಾಣಾಕಿಲ್ವ?"

ಯಾರೋ ಹಿಂದೆ ನಕ್ಕರು. ಸಾಹೇಬರು ನಗಲಿಲ್ಲ. ನಾನು ಎದ್ದೆ.  ಹೋದ ಮೀಟಿಂಗಲ್ಲಿ ರೀಲಿಂಗ್ ಮಾತೇ ಆಗಿಲ್ಲ, ನನ್ನ ಸಹಿ ಹಾಜರಿಗೆ ಹಾಕಿದ್ದು, ಒಪ್ಪಿಗೆಗಲ್ಲ ಅಂದೆ.

"ಭಿನ್ನಾಭಿಪ್ರಾಯ ಇದ್ದರೆ ಲಿಖಿತವಾಗಿ ಕೊಡಿ, ಪರಿಶೀಲಿಸೋಣ," ಅಂದರು ಸಾಹೇಬರು. ಮ್ಯಾನೇಜರು ಗಡಿಯಾರ ನೋಡಿಕೊಂಡರು. ಮುಗೀತು ಅಂದುಕೊಂಡೆ.

ಸಾಹೇಬರ ಪಕ್ಕ ಸ್ಟೆನೋ ಹುಡುಗಿ, ಹೇಮಶ್ರೀ. ಅರಕೆರೆ ಕಡೆಯವಳು, ಹೋದ ಸಲವೂ ಅವಳೇ ಬರಕೊಂಡಿದ್ದು. ಸಿದ್ದಲಿಂಗಮ್ಮ ಅವಳ ಕಡೆ ತಿರುಗಿದಳು. "ಅವ್ವಾ, ಅವತ್ತು ನೀನ್ ತಾನೆ ಬರ್ಕಂಡಿದ್ದು? ಇವ್ರ್ ಮಾತು ಬ್ಯಾಡ. ನೀನ್ ಬರ್ಕಂಡಿದ್ನೇ ಒಂದ್ಸಲ ಓದ್ಬುಡವ್ವ."

ಸಾಹೇಬರು "ಅದೆಲ್ಲ ಈಗ—" ಅನ್ನೋದರೊಳಗೆ ಆ ಹುಡುಗಿ ಶಾರ್ಟ್‌ಹ್ಯಾಂಡ್ ಬುಕ್ಕು ತಿರುವಿದ್ದಳು. ಕುತ್ತಿಗೆ ಕೆಂಪಾಗಿತ್ತು. ತಲೆ ಎತ್ತದೆ ಓದಿದಳು: "ಶ್ರೀ ನಿಂಗರಾಜು ರೀಲಿಂಗ್ ವಿಭಾಗದ ಬಗ್ಗೆ ಪ್ರಶ್ನಿಸಿದರು. ಅಜೆಂಡಾದಲ್ಲಿ ಇಲ್ಲವೆಂದು ತಿಳಿಸಲಾಯಿತು. ಚರ್ಚೆ ಆಗಲಿಲ್ಲ. ಊಟಕ್ಕೆ ಏಳಲಾಯಿತು."

 ಬೇರೆ ಗಿರಣಿಗಳ ಯೂನಿಯನ್‌ನವರೂ ತಾವು ಸಹಿ ಹಾಕಿದ ಕಾಗದ ತೋರಿಸಿ ಅಂತ ಕೇಳೋಕೆ ಶುರು ಮಾಡಿದರು. ಸಾಹೇಬರು ಆ ತೀರ್ಮಾನ ತಡೆಹಿಡಿಯಲಾಗಿದೆ ಅಂತ ಹೇಳಿ ಕಾರು ಹತ್ತಿದರು.

ಊಟ ಇತ್ತು. ನಾವು ತಿನ್ನಲಿಲ್ಲ. ಬಸ್ ಸ್ಟ್ಯಾಂಡಲ್ಲಿ ಬಾಳೆಹಣ್ಣು ತಿಂದೆವು. ಸಿದ್ದಲಿಂಗಮ್ಮ ಅಂದಳು: "ಆ ಮಗೀನ್ ಕೆಲ್ಸ ಓಯ್ತದಾ?"

29-3, ಸೋಮವಾರ

ಹೇಮಶ್ರೀ ಕೆಲಸ ಹೋಗಲಿಲ್ಲ. ಬೀದರಿಗೆ ವರ್ಗ ಮಾಡಿದ್ದಾರೆ. ಹನ್ನೆರಡು ದಿನದಲ್ಲಿ ಆರ್ಡರು ಬಂತಂತೆ. ಪಿಂಚಣಿಗೆ ಎರಡು ವರ್ಷ ಅಲೆಸೋ ಸರ್ಕಾರ, ಇದಕ್ಕೆ ಎಷ್ಟು ಚುರುಕು ನೋಡು.

ನನಗೂ ಸಿಕ್ಕಿತು. ಸಸ್ಪೆನ್ಷನ್. ಕೆಲಸದ ವೇಳೆಯಲ್ಲಿ ಕೆಲಸಗಾರಳನ್ನು ಹೊರಗೆ ಕರಕೊಂಡು ಹೋಗಿದ್ದು, ಸಮಿತಿಯ ಘನತೆಗೆ ಧಕ್ಕೆ ತಂದಿದ್ದು. ಘನತೆಯಂತೆ! ಯೂನಿಯನ್‌ನಿಂದಲೂ ತೆಗೆದರು. ಚಿಕ್ಕಸ್ವಾಮಿಯೇ ಸಹಿ ಹಾಕಿದ್ದಾನೆ. ಅವನದು ಹಾಜರಿ ಸಹಿಯಲ್ಲ.

1-4, ಗುರುವಾರ

ಗೇಟಿನ ಎದುರು ಟೀ ಅಂಗಡಿಯಲ್ಲಿ ನಿಂತು ನೋಡಿದೆ. ಐವತ್ತೆಂಟು ಜನಾನೂ ಒಳಗೆ ಹೋದರು. ಬೆಟ್ಟಮ್ಮ ನನ್ನ ನೋಡಿ ತಲೆ ಆಡಿಸಿದಳು. ಸಾಕು.

12-4, ಸೋಮವಾರ

ಸಂಭ್ರಮ ಎರಡು ವಾರವೂ ಉಳೀಲಿಲ್ಲ. ಹೊಸ ನೋಟೀಸು. ರೀಲಿಂಗ್ ಉಳಿಸಿಕೊಂಡ "ಹೊರೆ"ಗೆ ರಿಂಗ್ ಫ್ರೇಮಿನ ನಲವತ್ತು ಜನ ಸ್ವಯಂ ನಿವೃತ್ತಿ ತಗೋಬೇಕು. ಮೊದಲನೇ ಹೆಸರು ಮಂಚಯ್ಯ.

ಸಾಯಂಕಾಲ ಅವನೇ ಮನೆಗೆ ಬಂದ. ಒಳಗೆ ಬಾ ಅಂದರೆ ಬರಲಿಲ್ಲ. ಜಯಲಕ್ಷ್ಮಿ ಕೊಟ್ಟ ನೀರೂ ಮುಟ್ಟಲಿಲ್ಲ.

"ಎಂಗಸ್ರುನ್ನ ಉಳುಸ್ದೆ. ನನ್ನ ತಗ್ದಾಕ್ಬುಟ್ಟೆ."

"ನಾನಲ್ಲ ಕಣೋ ಮಂಚ. ಅವ್ರು. ನಮ್ನಮ್ಮಲ್ಲೇ ತಂದಿಡ್ತಾವ್ರೆ."

"ಅವ್ರು ನಂಗೇನಾಗ್ಬೇಕ್ಲಾ? ಇಪ್ಪತ್ವರ್ಸ ಪಕ್ಕದಲ್ ನಿಂತಿದ್ದೋನು ನೀನು."

ಹೊರಟು ಹೋದ. ಮ್ಯಾನೇಜರ ಮೇಲೆ ಹೇಸಿಗೆ. ಚಿಕ್ಕಸ್ವಾಮಿ ಮೇಲೆ ಹೇಸಿಗೆ. ಮಂಚಯ್ಯನ ಮೇಲೆ ಆಗ್ತಿಲ್ಲ. ಅದೇ ಕಷ್ಟ.

19-4, ಸೋಮವಾರ

ರೀಲಿಂಗ್‌ನವರು ಕೆಲಸ ಬಿಟ್ಟು ಗೇಟಲ್ಲಿ ಕೂತಿದ್ದಾರೆ. ತಮಗಲ್ಲ — ಆ ನಲವತ್ತು ಗಂಡಸರಿಗೆ. ಸಿದ್ದಲಿಂಗಮ್ಮನದೇ ತೀರ್ಮಾನ. ನನ್ನನ್ನ ಯಾರೂ ಕೇಳಲಿಲ್ಲ. ಹೋಗಿ ಪಕ್ಕದಲ್ಲಿ ಕೂತೆ. ಬಿಸಿಲು ಸುಡ್ತಿತ್ತು. ಗಂಡಸರು ಶಿಫ್ಟಿಗೆ ಒಳಗೆ ಹೋಗ್ತಾ ನಮ್ಮನ್ನ ದಾಟಿಕೊಂಡು ಹೋದರು. ಒಬ್ಬನೂ ಕೂರಲಿಲ್ಲ. ಒಬ್ಬ ಮಾತ್ರ ಬೀಡಿ ಎಸೆದು, ನಿಂತು, ಮತ್ತೆ ಹೋದ.

ಥೂ ನಮ್ಮ ಜನ್ಮಕ್ಕೆ.

21-4, ಬುಧವಾರ

ಮಂಚಯ್ಯ ಸ್ವಯಂ ನಿವೃತ್ತಿ ಕಾಗದಕ್ಕೆ ಸಹಿ ಹಾಕಿಬಿಟ್ಟ. ನಿನ್ನೆ ಸಾಯಂಕಾಲ, ಆಫೀಸಿನ ಹಿಂಬಾಗಿಲಿಂದ ಹೋಗಿ. ಮೂರು ದಿನದಿಂದ ಅವನಿಗೋಸ್ಕರ ಹೆಂಗಸರು ಮುಂಬಾಗಿಲಲ್ಲಿ ಕೂತಿದ್ದರು.

ನಾನೇ ಹೋಗಿ ಹೇಳಬೇಕಾಯ್ತು.  ಹೇಳಿದೆ. ಬೆಟ್ಟಮ್ಮ ಬಾಯಿಗೆ ಬಂದ ಹಾಗೆ ಬೈದಳು. ಮಿಕ್ಕವರು ಎದ್ದು ಸೀರೆ ಕೊಡವಿಕೊಂಡರು. ಮುಗೀತು, ಹೋಗ್ತಾರೆ ಅಂದುಕೊಂಡೆ.

ಸಿದ್ದಲಿಂಗಮ್ಮ ಕೂತೇ ಇದ್ದಳು. "ಅವ್ನ್ಗೂ ಒಟ್ಟೆ ಐತಲ್ಲ, ಓಗ್ಲಿ ಬುಡಿ. ಇನ್ನೂ ಮೂವತ್ತೊಂಬತ್ ಜನ ಅವ್ರೆ. ಕೂತ್ಕಳಿ."

ಕೂತರು.

22-4, ಗುರುವಾರ, ಬೆಳಗ್ಗೆ 5

ನಿನ್ನೆ ಇನ್ನೂ ನಾಲ್ಕು ಜನ ಸಹಿ ಹಾಕಿದರಂತೆ. ಆದರೆ ಬೀಡಿ ಎಸೆದು ಹೋಗಿದ್ದನಲ್ಲ, ಅವನು ಸಾಯಂಕಾಲ ಬಂದು ಕೂತ. ಅವನ ಜೊತೆ ಇನ್ನಿಬ್ಬರು. ಮ್ಯಾನೇಜರು ಹೇಳಿ ಕಳಿಸಿದ್ದಾರೆ, ಇವತ್ತು ಹತ್ತಕ್ಕೆ ಮಾತಿಗೆ ಬನ್ನಿ, ಶ್ರೀರಂಗಪಟ್ಟಣಕ್ಕೆ. ಊಟದ ವ್ಯವಸ್ಥೆ ಇದೆಯಂತೆ. ಸಿದ್ದಲಿಂಗಮ್ಮ ಬರೋಲ್ಲ ಅಂದಳು. ಬೇಕಾದ್ರೆ ಅವ್ರೇ ಗೇಟಿಗ್ ಬರ್ಲಿ, ಕೂರಾಕ್ ನೆಲ ಐತೆ ಅಂದಳು. ಬರ್ತಾರೋ ಇಲ್ಲವೋ. ಬಂದರೆ, ಎಲ್ಲರಿಗಿಂತ ಮೊದಲು ನಾನು ಕೇಳಬೇಕಾಗಿರೋದು ಒಂದೇ — ಸಹಿಗೆ ಮುಂಚೆ ಆ ಹಾಳೆಯನ್ನ ಈ ಹೆಂಗಸರಿಗೆಲ್ಲ ಕೇಳೋ ಹಾಗೆ ಪೂರ್ತಿ ಓದ್ತೀರಾ?