ಅತ್ತೆಯ ಫೋನು ಸತ್ತಿಲ್ಲ, ದಯವಿಟ್ಟು ಬೀಗದ ಕೈ ಕೊಡಿ

ಫೋನ್ ಕಂಪನಿಯ ಹಳೆಯ ಮಾದರಿಗಳ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಮ್ಮ ಅತ್ತೆಯವರ ಫೋನು ಸತ್ತಿದೆಯೆಂದು ನೀವು ಘೋಷಿಸಿದಿರಿ. 'ಈ ಮಾದರಿಯ ಜೀವಿತಾವಧಿ ಮುಕ್ತಾಯಗೊಂಡಿದೆ, ಇನ್ನು ಮುಂದೆ ಯಾವುದೇ ನವೀಕರಣ ದೊರೆಯುವುದಿಲ್ಲ' ಎಂಬ ನಿಮ್ಮ ಸಂದೇಶ ನೇರವಾಗಿ ಆ ಫೋನಿಗೇ ಬಂತು. ಸಾವಿನ ಸುದ್ದಿಯನ್ನು ಸತ್ತವರ ಕೈಗೇ ತಲುಪಿಸುವ ಸಂಸ್ಥೆ ಲೋಕದಲ್ಲಿ ನಿಮ್ಮದೊಂದೇ ಇರಬೇಕು. ಅತ್ತೆಗೆ ಕಣ್ಣು ಮಂಜಾಗಿರುವುದರಿಂದ ಬಂದ ಸಂದೇಶಗಳನ್ನೆಲ್ಲ ಫೋನೇ ಗಟ್ಟಿಯಾಗಿ ಓದಿ ಹೇಳುತ್ತದೆ. ಹಾಗಾಗಿ ಅಂದು ಬೆಳಿಗ್ಗೆ ನಾವೆಲ್ಲ ತಿಂಡಿ ತಿನ್ನುತ್ತಿರುವಾಗ ಅದು ತನ್ನ ಮರಣವಾರ್ತೆಯನ್ನು ತಾನೇ ಸ್ಪಷ್ಟವಾದ ಉಚ್ಚಾರಣೆಯಲ್ಲಿ ಓದಿತು. ಸತ್ತಿದೆ ಎನ್ನುವುದು ನಿಮ್ಮ ಅಭಿಪ್ರಾಯ, ಇರಲಿ. ನೀವು ಕೈಬಿಟ್ಟ ಫೋನನ್ನು ಬೇರೆಯವರು ಬದುಕಿಸಿಕೊಳ್ಳಲು ಬೇಕಾದ ಬೀಗದ ಕೈಯನ್ನೂ ಕೆಲವು ತಿಂಗಳ ಹಿಂದೆ ನೀವು ಕಿತ್ತುಕೊಂಡಿರಿ ಎನ್ನುವುದು ನನ್ನ ದೂರು.

ನಾನು ಕನ್ನಡಕದ ಅಂಗಡಿ ಇಟ್ಟುಕೊಂಡವನು. 'ನೀನೂ ಹೊಸ ಫ್ರೇಮು ಮಾರಿಯೇ ಬದುಕುವವನಲ್ಲವೇ, ನಮಗೆ ಬುದ್ಧಿ ಹೇಳಲು ಬಂದೆಯಾ' ಎಂದು ನೀವು ಕೇಳಬಹುದು. ಕೇಳಿ. ಹೊಸ ಫ್ರೇಮು ಮಾರುತ್ತೇನೆ, ಬೇಡವೆಂದವರಿಗೂ ತೋರಿಸುತ್ತೇನೆ, ಕನ್ನಡಿ ಹಿಡಿದು 'ನಿಮಗೆ ಎಷ್ಟು ಒಪ್ಪುತ್ತೆ' ಎಂದು ಸುಳ್ಳನ್ನೂ ಹೇಳುತ್ತೇನೆ. ಆದರೆ ಹಳೆಯ ಗಿರಾಕಿಯ ಮನೆಗೆ ಹೋಗಿ, 'ನಾಳೆಯಿಂದ ನಿಮ್ಮ ಮೂಗಿಗೆ ನಮ್ಮ ಬೆಂಬಲ ಇರುವುದಿಲ್ಲ, ಹೊಸ ಮೂಗು ಕೊಳ್ಳಿ' ಎಂದು ಇದುವರೆಗೆ ಹೇಳಿಲ್ಲ. ಅವರು ಸಡಿಲವಾದ ಫ್ರೇಮನ್ನು ಪಕ್ಕದ ಅಂಗಡಿಯಲ್ಲಿ ಬಿಗಿಮಾಡಿಸಿಕೊಂಡರೆ ನಾನು ಆ ತಿರುಪಿಗೆ ಬೀಗ ಜಡಿಯುವುದೂ ಇಲ್ಲ.

ಇನ್ನು ನಮ್ಮ ಅತ್ತೆಯ ವಿಚಾರ. ಅವರು ನಿವೃತ್ತ ಬಸ್ ಕಂಡಕ್ಟರ್. ಜೀವಮಾನವೆಲ್ಲ ಫುಟ್‌ಬೋರ್ಡಿನ ಮೇಲೆ ನಿಂತು ಬಸ್ಸಿನ ನಂಬರನ್ನು ಬೀದಿಗೆಲ್ಲ ಕೇಳುವಂತೆ ಕೂಗಿದವರು. ಈಗ ಅವರ ಕಣ್ಣಿನ ನಟ್ಟನಡುವೆ ಮಸಿ ಮೆತ್ತಿದಂತಾಗಿ ಅಂಚು ಮಾತ್ರ ಕಾಣುತ್ತದೆ. ನನ್ನ ಅಂಗಡಿಯ ಯಾವ ಗಾಜಿನಿಂದಲೂ ಅದು ಸರಿಹೋಗದು, ಕಣ್ಣಿನ ಡಾಕ್ಟರೂ ಕೈಚೆಲ್ಲಿದ್ದಾರೆ. ಇದರಿಂದ ಅತ್ತೆ ಅಷ್ಟೇನೂ ಕುಗ್ಗಲಿಲ್ಲ. ಪ್ರತಿ ಗುರುವಾರ ಹಳೆಯ ಡಿಪೋದ ಎದುರಿನ ಚಹಾದಂಗಡಿಯಲ್ಲಿ ನಿವೃತ್ತ ಕಂಡಕ್ಟರಮ್ಮಂದಿರೆಲ್ಲ ಸೇರುತ್ತಾರೆ. ಈಗಿನ ಕಂಡಕ್ಟರುಗಳಿಗೆ ಕೆಲಸ ಬರುವುದಿಲ್ಲ ಎಂಬ ಒಂದೇ ನಿರ್ಣಯವನ್ನು ವಾರವಾರವೂ ಅವಿರೋಧವಾಗಿ ಅಂಗೀಕರಿಸುತ್ತಾರೆ. ಅಲ್ಲಿಗೆ ಅತ್ತೆ ಒಬ್ಬರೇ ಹೋಗಬೇಕು, ಬಸ್ಸಿನಲ್ಲೇ ಹೋಗಬೇಕು. ನಾನು ಕಾರಿನಲ್ಲಿ ಬಿಡುತ್ತೇನೆ ಎಂದದ್ದಕ್ಕೆ ಬಂದ ಉತ್ತರವಿದು: "ಅಳಿಯಂದ್ರೇ, ಡಿಪೋ ಮುಂದೆ ನಾನು ಕಾರಿಂದ ಇಳಿದ್ರೆ ನನ್ನ ಮಾನ ಏನಾಗ್ಬೇಕು?"

ಬಸ್ಸಿನ ನಂಬರು ಕಾಣದಿದ್ದರೆ ಪಕ್ಕದಲ್ಲಿದ್ದವರನ್ನು ಕೇಳಬಹುದಲ್ಲ ಎನ್ನುತ್ತೀರಾ? ನೀವು ಕೇಳಬಹುದು, ನಾನು ಕೇಳಬಹುದು. ಕಂಡಕ್ಟರಾಗಿದ್ದವರು ಸ್ಟಾಪಿನಲ್ಲಿ ನಿಂತು 'ಇದು ಯಾವ ಬಸ್ಸಪ್ಪಾ' ಎಂದು ಕೇಳುವುದುಂಟೆ? ಅದಕ್ಕಿಂತ ಮನೆಯಲ್ಲಿ ಬಿದ್ದಿರುವುದೇ ವಾಸಿ ಎನ್ನುತ್ತಾರೆ ಅತ್ತೆ. ಅವರನ್ನು ಬೀದಿಗೆ ಇಳಿಯುವಂತೆ ಮಾಡಿದ್ದು ಒಂದು ಆ್ಯಪ್. ಬಸ್ಸು ಬಂದಾಗ ಫೋನನ್ನು ಎತ್ತಿ ಹಿಡಿದು ಕಿವಿಗಿಟ್ಟುಕೊಂಡರೆ ಅದು ಬೋರ್ಡಿನ ಮೇಲಿನ ನಂಬರನ್ನು ಓದಿ ಕಿವಿಯಲ್ಲಿ ಹೇಳುತ್ತದೆ. ನೋಡುವವರಿಗೆ ಮುದುಕಿ ಯಾರಿಗೋ ಫೋನು ಮಾಡುತ್ತಿರುವಂತೆ ಕಾಣುತ್ತದೆ, ಮಾನ ಉಳಿಯುತ್ತದೆ. ನಿಮ್ಮ ಸಂದೇಶ ಬಂದು ಎರಡು ವರ್ಷಕ್ಕೆ ಆ ಆ್ಯಪ್ ಕೂಡ 'ನಿಮ್ಮ ಫೋನಿನ ತಂತ್ರಾಂಶ ಬಹಳ ಹಳೆಯದು' ಎಂದು ಮುಖ ತಿರುಗಿಸಿತು. ಅತ್ತೆಯ ಗುರುವಾರ ನಿಂತುಹೋಯಿತು. ಅವರು ನಡುಮನೆಯಲ್ಲಿ ಕುಳಿತು, ಮನೆಯವರು ಅಡುಗೆಮನೆಗೆ ಹೋದರೂ ಬಂದರೂ 'ಒಳಗೆ ಹೋಗಿ, ಒಳಗೆ ಹೋಗಿ, ಬಾಗ್ಲಲ್ಲಿ ನಿಲ್ಬೇಡಿ' ಎನ್ನತೊಡಗಿದರು.

ಹೊಸ ಫೋನು ತರಲಿಲ್ಲವೇ ಎಂದರೆ, ತಂದೆವು. ನನ್ನ ಹೆಂಡತಿಯೇ ಆರಿಸಿ ತಂದಳು. ಹಳೆಯ ಫೋನಿನ ಕೆಳಗೆ ಬೆರಳಿಗೆ ಸಿಗುವ ಉಬ್ಬಿದ ಗುಂಡಿಯೊಂದಿದೆ, ಅತ್ತೆಗೆ ಅದೇ ದಾರಿದೀಪ. ಹೊಸದರಲ್ಲಿ ಹಿಂದೆ ಮುಂದೆ ಮೇಲೆ ಕೆಳಗೆ ಎಲ್ಲವೂ ಒಂದೇ ನುಣುಪು. ಅತ್ತೆ ಅದನ್ನು ತಿರುವಿ ತಿರುವಿ ಸವರಿ, "ಇದರ ತಲೆ ಯಾವ ಕಡೆ, ಬುಡ ಯಾವ ಕಡೆ?" ಎಂದು ಕೇಳಿದರು. ಹೆಂಡತಿ ತೋರಿಸಿಕೊಟ್ಟಳು. ಆಮೇಲೆ ಅವರು ಅದರ ಬೆನ್ನಿನ ಜೊತೆ ಬಹಳ ಹೊತ್ತು ಮಾತಾಡಿದರು, ಅತ್ತಲಿಂದ ಯಾರೂ ಉತ್ತರಿಸುತ್ತಿಲ್ಲವೆಂದು ಬೈದರು. "ಇದು ಫೋನಲ್ಲ ಕಣೇ, ಸೋಪು" ಎಂದು ತೀರ್ಪಿತ್ತು ಮಗಳ ಕೈಗೇ ವಾಪಸ್ ಇಟ್ಟರು.

ಆಗ ನಾನು ಹುಡುಕಾಟಕ್ಕೆ ಇಳಿದೆ. ಹುಡುಕಿದಾಗ ತಿಳಿದದ್ದೇನೆಂದರೆ, ನಿಮ್ಮಂಥವರು ಕೈಬಿಟ್ಟ ಫೋನುಗಳನ್ನು ಎತ್ತಿಕೊಂಡು ಸಾಕುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಹಳೆಯ ತಂತ್ರಾಂಶವನ್ನು ಪೂರಾ ಒರೆಸಿಹಾಕಿ, ಆ ಜಾಗದಲ್ಲಿ ತಾವೇ ಹೊಂದಿಸಿದ ಹೊಸ ಆಂಡ್ರಾಯ್ಡನ್ನು ಕೂರಿಸುತ್ತಾರೆ. ಇದಕ್ಕೆ ಕಸ್ಟಮ್ ಆಂಡ್ರಾಯ್ಡ್ ಎನ್ನುತ್ತಾರಂತೆ. ಅತ್ತೆಯ ಮಾದರಿಯನ್ನು ಸಾಕುತ್ತಿರುವವರು ಯಾವುದೋ ದೂರದೇಶದ ಹಲ್ಲಿನ ಡಾಕ್ಟರು. ತಮ್ಮ ಬಳಿಯೂ ಅದೇ ಫೋನಿದೆ, ಬಿಸಾಡಲು ಮನಸ್ಸು ಬರಲಿಲ್ಲ ಎಂಬುದಷ್ಟೇ ಅವರ ಕಾರಣ. ಹಗಲು ಹಲ್ಲು ಕೀಳುತ್ತಾರೆ, ಬಿಡುವಿನಲ್ಲಿ ನಿಮ್ಮ ಕೆಲಸ ಮಾಡುತ್ತಾರೆ. 'ಈ ತಿಂಗಳ ಸುರಕ್ಷತಾ ನವೀಕರಣ ತುಸು ತಡವಾಗಿದೆ, ಮಗಳ ಮದುವೆಯಿತ್ತು, ಕ್ಷಮಿಸಿ' ಎಂದು ಬರೆದಿದ್ದರು. ಮಾನ್ಯರೇ, ನಿಮ್ಮ ವಿಭಾಗದಿಂದ ನವೀಕರಣ ನಿಂತು ವರ್ಷಗಳೇ ಆದವು. ಯಾರ ಮದುವೆ?

ಡಾಕ್ಟರ ತಂತ್ರಾಂಶ ಹಾಕಲು ಮೊದಲು ಫೋನಿನ ಒಳಗೆ ನೀವು ಹಾಕಿಟ್ಟ ಬೀಗ ತೆಗೆಯಬೇಕು. ಅದಕ್ಕೆ ನಿಮ್ಮ ಜಾಲತಾಣದಲ್ಲಿ ಒಂದು ಪುಟವಿತ್ತು, ಕೇಳಿಕೊಂಡರೆ ಆಯಾ ಫೋನಿಗೆಂದೇ ಒಂದು ಸಂಕೇತ ಕೊಡುತ್ತಿದ್ದಿರಿ. ಸತ್ಯ ಹೇಳಬೇಕು, ನನಗೆ ಕೊಟ್ಟಿರಿ. ಕೊಡುವ ಮೊದಲು ನೀವು ಹೆದರಿಸಿದ ಹಾಗೆ ಮಾತ್ರ ಆಪರೇಷನ್ನಿಗೆ ಮುಂಚೆ ಸಹಿ ಹಾಕಿಸಿಕೊಳ್ಳುವವರೂ ಹೆದರಿಸುವುದಿಲ್ಲ. ಬೀಗ ತೆಗೆದ ಮೇಲೂ, ಪ್ರತಿ ಸಲ ಫೋನು ಹಚ್ಚಿದಾಗ 'ಈ ಫೋನನ್ನು ನಂಬಲಾಗದು' ಎಂದು ಹಳದಿ ಅಕ್ಷರದಲ್ಲಿ ತೋರಿಸುತ್ತೀರಿ. ಅದನ್ನು ನಾನು ಅತ್ತೆಗೆ ಓದಿ ಹೇಳಿದೆ. "ಯಾರವನು ಹಾಗಂದಿದ್ದು? ಒಂದ್ಸಲ ನನ್ನ ಮುಂದೆ ನಿಂತು ಹೇಳ್ಲಿ" ಎಂದರು. ಇದನ್ನು ಆಹ್ವಾನವೆಂದೇ ತಿಳಿಯಿರಿ.

ಇಲ್ಲಿ ನಾನೊಂದು ಎಡವಟ್ಟು ಮಾಡಿದೆ. ಅತ್ತೆಯ ಫೋನಿಗೆ ಒಂದು ಅವಳಿ ಇದೆ. ಮೈಕಟ್ಟು ಒಂದೇ, ಹೆಸರಿನ ಕೊನೆಯಲ್ಲಿ ಒಂದಕ್ಷರ ಮಾತ್ರ ಹೆಚ್ಚು. ಆ ಅವಳಿಯ ತಂತ್ರಾಂಶದ ಕಡತವನ್ನು ತಂದು ಅತ್ತೆಯದಕ್ಕೆ ಹಾಕಿಬಿಟ್ಟೆ. ನಿಮ್ಮ ಕಾರ್ಖಾನೆಯವರು ಆ ಅವಳಿಯಲ್ಲಿ ಕ್ಯಾಮೆರಾವನ್ನು ತಲೆಕೆಳಗಾಗಿ ಕೂರಿಸಿ, ತಂತ್ರಾಂಶದಲ್ಲಿ ಗುಟ್ಟಾಗಿ ನೆಟ್ಟಗೆ ಮಾಡಿಕೊಂಡಿದ್ದಾರೆಂದು ನನಗೇನು ಗೊತ್ತು? ನೆಟ್ಟಗಿದ್ದ ಅತ್ತೆಯ ಕ್ಯಾಮೆರಾ ಇದರಿಂದ ಲೋಕವನ್ನು ಬುಡಮೇಲಾಗಿ ನೋಡತೊಡಗಿತು. ಆ ಆ್ಯಪ್ ಕಣ್ಣು ಕಾಣದವರಿಗಾಗಿ ಮಾಡಿದ್ದು, ಪರದೆಯಲ್ಲಿ ಚಿತ್ರವೇ ಬರುವುದಿಲ್ಲ, ಬರೀ ಕಪ್ಪು. ಆದರೂ ನಾನು ಪರೀಕ್ಷಿಸದೆ ಕೊಡಲಿಲ್ಲ. ನನ್ನ ಅಂಗಡಿಯ ಬಾಗಿಲಿನ ಮೇಲಿರುವ 808ಕ್ಕೆ ಹಿಡಿದೆ. 'ಎಂಟುನೂರ ಎಂಟು' ಎಂದು ಮುತ್ತಿನಂತೆ ಹೇಳಿತು. ಸಾಕೆಂದುಕೊಂಡೆ. ಊರಿನವರ ಕಣ್ಣು ಪರೀಕ್ಷಿಸುವವನು ಮಾಡಿದ ಪರೀಕ್ಷೆ ಇದು.

ಗುರುವಾರ ಅತ್ತೆ ಸೀರೆ ನೆರಿಗೆ ಸರಿಮಾಡಿಕೊಂಡು ಸ್ಟಾಪಿಗೆ ಹೋದರು. ಡಿಪೋದ ಕಡೆ ಹೋಗುವುದು 98. ಬಂದದ್ದು 86. ತಲೆಕೆಳಗಾಗಿ ಓದಿದ ಫೋನು 'ತೊಂಬತ್ತೆಂಟು' ಎಂದಿತು, ಅತ್ತೆ ಹತ್ತಿದರು. ನಾಲ್ಕು ರಸ್ತೆ ಕೂಡುವಲ್ಲಿ ಎಡಕ್ಕೆ ಹೋಗಬೇಕಾದ ಬಸ್ಸು ಬಲಕ್ಕೆ ತಿರುಗಿತು. ಅತ್ತೆ ಎದ್ದು ನಿಂತರು.

"ಕಂಡಕ್ಟ್ರೇ, ಬಸ್ಸು ರೂಟ್ ತಪ್ಪಿದೆ."

"ಇಲ್ಲಮ್ಮ, ಹೀಗೇ ಹೋಗೋದು. ಕೂತ್ಕೊಳ್ಳಿ."

"ತೊಂಬತ್ತೆಂಟು ಯಾವತ್ತಿಂದಪ್ಪಾ ಬಲಕ್ಕೆ ತಿರುಗ್ತಿದೆ? ಆ ರೂಟಲ್ಲಿ ಓಡಾಡೇ ನನ್ನ ತಲೆ ಬೆಳ್ಳಗಾಗಿರೋದು."

"ಅಮ್ಮಾ, ಇದು ಎಂಬತ್ತಾರು."

"ನಿನ್ನ ಬಸ್ಸಿನ ನಂಬರು ನಿಂಗೇ ಗೊತ್ತಿಲ್ವಾ? ಬೋರ್ಡ್ ನೋಡ್ಕೊಂಡು ಬಾ ಹೋಗು."

ಆ ಕಂಡಕ್ಟರು ಕೆಲಸಕ್ಕೆ ಹೊಸಬ. ಅತ್ತೆಯ ದನಿಯಲ್ಲಿದ್ದ ಅಧಿಕಾರಕ್ಕೆ ಬೆದರಿ, ಬಸ್ಸು ನಿಲ್ಲಿಸಿ, ನಿಜವಾಗಿಯೂ ಇಳಿದುಹೋಗಿ ಬೋರ್ಡು ನೋಡಿದ. ಅತ್ತೆಯೂ ಹಿಂದೆಯೇ ಇಳಿದು ಬೋರ್ಡಿಗೆ ಫೋನು ಹಿಡಿದರು. 'ತೊಂಬತ್ತೆಂಟು' ಎಂದಿತು ಫೋನು, ಎಲ್ಲರಿಗೂ ಕೇಳುವಂತೆ. ಬಸ್ಸಿನಲ್ಲಿದ್ದವರು ಎರಡು ಪಕ್ಷವಾದರು. 'ಮಷೀನು ಸುಳ್ಳು ಹೇಳುತ್ತಾ' ಎಂದರು ಕೆಲವರು. ದಿನವೂ ಅದೇ ಬಸ್ಸಿನಲ್ಲಿ ಮನೆಗೆ ಹೋಗುವವರೊಬ್ಬರು ಅನುಮಾನ ಬಂದು ಇಳಿದೇಹೋದರಂತೆ. ಕೊನೆಗೆ ಡ್ರೈವರು ಯಾರ ಮಾತಿಗೂ ಕಿವಿಗೊಡದೆ, ಅತ್ತೆಯನ್ನೂ ಹತ್ತಿಸಿಕೊಂಡು ಗಾಡಿ ಬಿಟ್ಟ. 86ರ ಕೊನೆಯ ನಿಲ್ದಾಣ ಊರಾಚೆಯ ಕೊಳಚೆನೀರಿನ ಘಟಕ. ಅಲ್ಲಿನ ಕಾವಲುಗಾರ ಅತ್ತೆಗೆ ಕುರ್ಚಿ ಕೊಟ್ಟು ಕೂರಿಸಿ ನನಗೆ ಫೋನು ಮಾಡಿದ. ನಾನು ಜೀವ ಕೈಯಲ್ಲಿ ಹಿಡಿದುಕೊಂಡು ಓಡಿದರೆ, ಅತ್ತೆ ಮೂಗಿಗೆ ಸೆರಗು ಹಿಡಿದು ಕುಳಿತಿದ್ದರು. "ಹುಡುಗ ಹೇಳಿದ್ದೇ ಸರಿ ಇತ್ತು ಅಳಿಯಂದ್ರೇ. ವಾಸನೆ ಬಂದ್ಮೇಲೆ ಒಪ್ಕೊಂಡೆ" ಎಂದರು.

ಹಲ್ಲಿನ ಡಾಕ್ಟರಿಗೆ ನಡೆದದ್ದನ್ನು ಬರೆದೆ. 'ನೀವು ಪಕ್ಕದ ಹಲ್ಲು ಕಿತ್ತಿದ್ದೀರಿ. ಗಾಬರಿ ಬೇಡ, ಇದನ್ನು ವಾಪಸ್ ಕೂರಿಸಬಹುದು' ಎಂದು ಉತ್ತರಿಸಿ ಸರಿಯಾದ ಕಡತದ ಕೊಂಡಿ ಕಳಿಸಿದರು. ಈ ಸಲ ನಾನು ಇಡೀ ಬಸ್ ಸ್ಟಾಪನ್ನೇ ಪರೀಕ್ಷೆಗೆ ಒಡ್ಡಿದೆ. ಮುಂದಿನ ಗುರುವಾರ ಅತ್ತೆ ಡಿಪೋ ಮುಂದೆ ಬಸ್ಸಿನಿಂದಲೇ ಇಳಿದರು. ಹಳೆಯ ಫೋನು ಹೊಸದಕ್ಕಿಂತ ಚುರುಕಾಗಿತ್ತು. ನನಗೆ ಆದ ಸಂತೋಷವನ್ನು ಇಲ್ಲಿ ಬರೆದರೆ ನೀವು ನಗುತ್ತೀರಿ, ಆದ್ದರಿಂದ ಬಿಟ್ಟಿದ್ದೇನೆ.

ಅಲ್ಲಿಗೆ ಮುಗಿದಿದ್ದರೆ ನಾನೇಕೆ ಪತ್ರ ಬರೆಯುತ್ತಿದ್ದೆ? ಅತ್ತೆಗೆ ಒಬ್ಬರು ಗೆಳತಿಯಿದ್ದಾರೆ, ಡಿಪೋದಲ್ಲಿ ಎಲ್ಲರೂ ಅವರನ್ನು ವಿಷಲ್ ಅಕ್ಕ ಎನ್ನುತ್ತಾರೆ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಅಂದಿನಿಂದ ಇಂದಿನವರೆಗೆ ಒಂದು ವಿಷಯದಲ್ಲೂ ಒಮ್ಮತಕ್ಕೆ ಬಂದವರಲ್ಲ. ಗುರುವಾರದ ಸಭೆ ನಡೆಯುವುದೇ ಇವರಿಬ್ಬರ ಜಗಳಕ್ಕೆ, ಉಳಿದವರು ಪ್ರೇಕ್ಷಕರು. ವಿಷಲ್ ಅಕ್ಕನಿಗೂ ಈಗ ಕಣ್ಣಿನ ಅದೇ ತೊಂದರೆ. ಫೋನೂ ಅದೇ ಮಾದರಿ, ನಿವೃತ್ತಿಯ ದಿನ ಸಂಘದವರು ಎಲ್ಲರಿಗೂ ಒಂದೇ ಥರದ್ದು ಕೊಟ್ಟಿದ್ದರು. ಅದನ್ನೂ ಬದುಕಿಸಿಕೊಡುತ್ತೇನೆಂದು ಜಂಬದಿಂದ ಕೈಗೆತ್ತಿಕೊಂಡು ನಿಮ್ಮ ಪುಟ ತೆರೆದರೆ, ಪುಟವೇ ಇಲ್ಲ. ನಿಮ್ಮ ಸಹಾಯವಾಣಿಗೆ ಕರೆ ಮಾಡಿದೆ.

"ಬೀಗ ತೆಗೆಯೋ ಪುಟ ಮುಚ್ಚಿದೀವಿ ಸರ್. ಬಳಸೋರು ಕಮ್ಮಿ ಇದ್ರು."

"ಬಳಸೋಣ ಅಂತಾನೇ ಅಲ್ವಾ ನಾನು ಬಂದಿರೋದು?"

"ಗ್ರಾಹಕರ ಸುರಕ್ಷತೆಗಾಗಿ ಸರ್."

ಯಾವ ಸುರಕ್ಷತೆ ಮಾನ್ಯರೇ? ನಿಮ್ಮ ಬೀಗ ಹಾಕಿಕೊಂಡಿರುವ ವಿಷಲ್ ಅಕ್ಕನ ಫೋನಿಗೆ ವರ್ಷಗಳಿಂದ ಒಂದು ತೇಪೆಯೂ ಬಿದ್ದಿಲ್ಲ. ನೀವು ನಂಬಲಾಗದು ಎಂದ ಅತ್ತೆಯ ಫೋನಿಗೆ ತಿಂಗಳು ತಿಂಗಳೂ ಬೀಳುತ್ತಿದೆ. ಹಾಗಾದರೆ ನೀವು ಕಾಪಾಡುತ್ತಿರುವುದು ಯಾರನ್ನು, ಯಾರಿಂದ? ಮನೆ ಮಾರಿದವನು ರಿಪೇರಿಗೂ ಬಾರದೆ, ಮಾಲೀಕ ತಾನೇ ಮೇಸ್ತ್ರಿಯನ್ನು ಕರೆದರೆ ಗೇಟಿಗೆ ಅಡ್ಡ ನಿಲ್ಲುವುದನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಈಗಿನ ಸ್ಥಿತಿ ಹೀಗಿದೆ. ವಿಷಲ್ ಅಕ್ಕ ಇರುವುದು ಊರಿನ ಆ ತುದಿಯಲ್ಲಿ, ನಾವು ಈ ತುದಿಯಲ್ಲಿ. ಅವರೂ ಕಾರು ಹತ್ತುವವರಲ್ಲ, ಯಾರನ್ನೂ ನಂಬರು ಕೇಳುವವರಲ್ಲ, ಇನ್ನೊಬ್ಬರು ಕೈಹಿಡಿದು ಕರೆತರುವುದಂತೂ ದೂರದ ಮಾತು. ಅವರು ಬರುವುದು ನಿಂತಾಗ ಅತ್ತೆ ಎರಡು ವಾರ ಸಭೆಗೆ ಹೋಗಿ, ಸಪ್ಪೆ ಮುಖ ಹಾಕಿಕೊಂಡು ಬಂದರು. "ಅಲ್ಲಿ ಎಲ್ಲರೂ ನಾನ್ ಹೇಳಿದ್ದಕ್ಕೆ ಹೂಂ ಅಂತಾರೆ" ಎಂದರು. ಆಮೇಲೆ ಯಾರನ್ನೂ ಕೇಳದೆ ಒಂದು ತೀರ್ಮಾನ ಮಾಡಿದರು. ಬದುಕಿರುವ ಒಂದೇ ಫೋನನ್ನು ಡ್ಯೂಟಿಯಲ್ಲಿರುವ ಕಂಡಕ್ಟರೊಬ್ಬರ ಕೈಗಿಟ್ಟು ಆ ತುದಿಗೆ ಕಳಿಸುತ್ತಾರೆ. ಆ ವಾರ ವಿಷಲ್ ಅಕ್ಕ ಸಭೆಗೆ ಹೋಗುತ್ತಾರೆ. ಮರುವಾರ ಅವರು ಅದೇ ರೀತಿ ಈ ತುದಿಗೆ ಕಳಿಸುತ್ತಾರೆ, ಅತ್ತೆ ಹೋಗುತ್ತಾರೆ. ಕಂಡಕ್ಟರುಗಳ ಲೆಕ್ಕದಲ್ಲಿ ಇದು ನ್ಯಾಯವಾದ ಪಾಳಿ. ಫೋನು ಒಂದೇ ಸಮನೆ ಊರು ಸುತ್ತುತ್ತಿದೆ. ಒಬ್ಬರು ಇನ್ನೊಬ್ಬರ ಜೊತೆ ಜಗಳವಾಡಲೆಂದೇ ಹೋಗುತ್ತಿದ್ದ ಆ ಇಬ್ಬರು ಮಾತ್ರ ಭೇಟಿಯಾಗಿ ಬಹಳ ಕಾಲವಾಯಿತು. ಇದನ್ನು ಅತ್ತೆಗೆ ಹೇಳಿದೆ. "ಗೊತ್ತು ಅಳಿಯಂದ್ರೇ. ಆದ್ರೆ ಅವಳು ಮನೇಲೇ ಕೂತಿರೋದು ನಂಗೆ ಸಹಿಸಕ್ಕಾಗಲ್ಲ" ಎಂದರು. ಆ ರಾತ್ರಿಯೇ ಈ ಪತ್ರ ಬರೆಯಲು ಕುಳಿತೆ.

ಆದ್ದರಿಂದ ಮಾನ್ಯರೇ, ನಾನು ನಿಮ್ಮಿಂದ ಹೊಸ ತಂತ್ರಾಂಶ ಕೇಳುತ್ತಿಲ್ಲ, ರಿಯಾಯಿತಿ ಕೇಳುತ್ತಿಲ್ಲ, ಕ್ಷಮೆಯನ್ನಂತೂ ಕೇಳುವುದೇ ಇಲ್ಲ. ಆ ಪುಟವನ್ನು ಮತ್ತೆ ತೆರೆಯಿರಿ. ಇನ್ನು ಮುಂದೆ ಯಾವ ಮಾದರಿಯನ್ನು ಕೈಬಿಟ್ಟರೂ ಅದೇ ದಿನ ಅದರ ಬೀಗದ ಕೈಯನ್ನು ಕೊಂಡವರಿಗೆ ಒಪ್ಪಿಸಿ. ಉಳಿದದ್ದನ್ನು ನಾನೂ ಹಲ್ಲಿನ ಡಾಕ್ಟರೂ ನೋಡಿಕೊಳ್ಳುತ್ತೇವೆ. ಸಾಧ್ಯವಾದರೆ ಬುಧವಾರದೊಳಗೆ ತೆರೆಯಿರಿ. ಈ ಗುರುವಾರ ಹೋಗುವ ಸರದಿ ವಿಷಲ್ ಅಕ್ಕನದು, ಅತ್ತೆಯೂ ಹೊರಟರೆ ಜಗಳ ನಡೆದೀತು.

ಇಂತಿ,
ವಾರ ಬಿಟ್ಟು ವಾರ, ಗುರುವಾರವೂ ಅತ್ತೆಯನ್ನು ಮನೆಯಲ್ಲೇ ಕಾಣುವ
ಒಬ್ಬ ಅಳಿಯ