ಕಾಲಿನ ಹೆಬ್ಬೆರಳು

ಅಪ್ಪಾ,

ಇವತ್ತು ನನ್ನ ತಲೆಯ ಸ್ಕ್ಯಾನ್ ಆಯಿತು. ಕೊನೆಯ ದಿನಗಳಲ್ಲಿ ನಿನ್ನನ್ನು ಮಲಗಿಸಿದ್ದ ಅದೇ ಸುರಂಗದಂಥ ಯಂತ್ರ. ವರದಿ ನಾಳೆ ಬರುತ್ತದೆ.

ಸ್ಕ್ಯಾನ್ ಮಾಡುವಾಕೆ ನನ್ನ ಮುಖ ನೋಡಿ, "ಭಯ ಆದ್ರೆ ಮನೆಯವರೊಬ್ಬರು ಒಳಗೆ ಬರಬಹುದು. ಮೈಮೇಲೆ ಲೋಹ ಇರಬಾರದು ಅಷ್ಟೆ" ಎಂದಳು. ನಿನ್ನ ಅಳಿಯ ಬೆಲ್ಟು, ಉಂಗುರ ಬಿಚ್ಚಿಟ್ಟ. ಜಾರುವ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ನನ್ನ ಕಾಲಿನ ಹೆಬ್ಬೆರಳು ಹಿಡಿದು ನಿಂತ.

ಯಂತ್ರದ ಬಡಿತ ಶುರುವಾದಾಗ ಪ್ರಾರ್ಥನೆಯ ಒಂದು ಮಾತೂ ನೆನಪಾಗಲಿಲ್ಲ. ಚರ್ಚಿನಿಂದ ಬರುವ ದಾರಿಯಲ್ಲಿ ನೀನು ಹೇಳುತ್ತಿದ್ದದ್ದು ಮಾತ್ರ ನೆನಪಾಯಿತು: "ಕತ್ತಲಲ್ಲಿ ಕುರಿಗೆ ಕುರುಬ ಕಾಣಿಸಲ್ಲ ಮಗಳೇ. ಅವನ ಕೋಲು ಮೈಗೆ ತಾಗಿದ್ರೆ ಸಾಕು ಅದಕ್ಕೆ." ನನಗೂ ಯಾರೂ ಕಾಣುತ್ತಿರಲಿಲ್ಲ. ಬೆರಳಿಗೆ ತಾಗಿದ ಬಿಸಿಯೊಂದೇ ಇತ್ತು. "ಕರ್ತನೇ, ನೀನೇ ಅಲ್ವಾ?" ಎಂದು ಮತ್ತೆ ಮತ್ತೆ ಕೇಳುತ್ತ ಮಲಗಿದ್ದೆ. ಭಯ ಹೋಗಲಿಲ್ಲ. ಆದರೆ ತಡೆಯಲಾಗದಿದ್ದರೆ ಒತ್ತಲೆಂದು ಕೈಗೆ ಕೊಟ್ಟಿದ್ದ ಗಂಟೆಯನ್ನು ಒತ್ತಲಿಲ್ಲ.

"ಪ್ರಾರ್ಥನೆ ಮಾಡಿದ್ಯಾ?" ಎಂದು ಆಮೇಲೆ ಅವನನ್ನು ಕೇಳಿದೆ.

"ಮಾಡ್ದೆ. ಪ್ಯಾಂಟ್ ಜಾರದೆ ಇರಲಿ ಅಂತ."

ನಗುತ್ತ ಹೊರಗೆ ಬಂದರೆ ಎದುರಿಗೆ ಆ ಬೆಂಚು. ನಿನ್ನ ಸ್ಕ್ಯಾನಿನ ದಿನ ನಾನು ಅದರ ಮೇಲೆ ಕೂತು, ಮುಚ್ಚಿದ ಬಾಗಿಲಿನಾಚೆಯ ಬಡಿತ ಕೇಳುತ್ತಿದ್ದೆ. ಒಳಗೆ ಹೋಗಬಹುದೆಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆ ಹೊತ್ತಿನಲ್ಲಿ ನಿನ್ನ ಪಾದಕ್ಕೆ ಏನಾದರೂ ತಾಗಿತೇ, ಅಪ್ಪಾ?